ಚನ್ನವೀರನ ನೆನಪು ಮನೆಗೆ ಬಂದದ್ದು

ಸ್ಮೃತಿಧಾರಾ ಕಂಪನಿ ಮುಚ್ಚುತ್ತದೆ ಎಂಬ ಸುದ್ದಿ ಬಂದಾಗ ನೀಲಾಂಬಿಕಾ ಹುಬ್ಬಳ್ಳಿಯ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲಿದ್ದಳು. ಎದುರಿನ ಗೋಡೆಯ ತುಂಬ ಪರದೆ. ಸುತ್ತಲಿನ ಜಿಲ್ಲೆಗಳ ಲೈನುಗಳೆಲ್ಲ ಅದರ ಮೇಲೆ ಹಸಿರು, ಕೆಂಪು ಗೆರೆಗಳಾಗಿ ಹರಡಿದ್ದವು. ಫೋನಿಗೆ ಬಂದ ಸಂದೇಶವನ್ನು ಅವಳು ಯಾವುದೋ ಲೈನು ಟ್ರಿಪ್ ಆದ ವರದಿಯನ್ನು ಓದುವ ಹಾಗೆ ಓದಿದಳು. ‘ನಿಮ್ಮ ಕುಟುಂಬದವರ ನೆನಪುಗಳನ್ನು ದೀಪಾವಳಿಯ ಒಳಗಾಗಿ ನಿಮ್ಮ ಮನೆಯ ಸರ್ವರಿಗೆ ಇಳಿಸಿಕೊಳ್ಳಬೇಕು. ಆಮೇಲೆ ನಮ್ಮಲ್ಲಿ ಯಾವ ಪ್ರತಿಯೂ ಉಳಿಯುವುದಿಲ್ಲ.’

ಪಕ್ಕದ ಮೇಜಿನಲ್ಲಿದ್ದ ಕಿರಿಯ ಎಂಜಿನಿಯರ್ ಪದ್ಮರಾಜ ಅವಳ ಮುಖ ನೋಡಿ ಕೇಳಿದ: “ಮೇಡಂ, ಏನರ ತೊಂದ್ರಿ ಏನ್ರಿ?”

“ಏನಿಲ್ಲ. ಗದಗ ಲೈನಿನ ಮ್ಯಾಲ ಲೋಡ್ ಏರಾಕತ್ತೇತಿ, ಅದನ್ನ ನೋಡ್ಕೊ.”

ಒಂಬತ್ತು ವರ್ಷಗಳ ಹಿಂದೆ ಅವಳ ಗಂಡ ಚನ್ನವೀರನಿಗೆ ಮೆದುಳು ಜ್ವರ ಬಂದಿತ್ತು. ಆಗ ಅವನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ. ಜ್ವರ ಇಳಿಯಿತು, ಮನುಷ್ಯ ಉಳಿದ. ಆದರೆ ಹೊಸ ನೆನಪುಗಳನ್ನು ಗಟ್ಟಿ ಮಾಡುವ ಮೆದುಳಿನ ಭಾಗ ಕೆಟ್ಟುಹೋಗಿತ್ತು. ಜ್ವರಕ್ಕೆ ಮೊದಲಿನದೆಲ್ಲ ನೆನಪಿತ್ತು. ಮದುವೆ, ಮಗಳು ಹುಟ್ಟಿದ್ದು, ವಿಜಯನಗರದ ಅರಸರ ಹೆಸರು ಕೂಡ. ಇವತ್ತು ನಡೆದದ್ದು ಮಾತ್ರ ಇವತ್ತು ನಿದ್ದೆ ಹತ್ತುವ ತನಕ. ನಿದ್ದೆ ಹತ್ತಿತೆಂದರೆ ಒರೆಸಿದ ಪಾಟಿ.

ಅನುಸ್ಮೃತಿ ಎಂಬ ಸಾಧನ ಬಂದದ್ದು ಅಂಥವರಿಗಾಗಿ. ಕಿವಿಯ ಹಿಂದೆ, ಚರ್ಮದ ಕೆಳಗೆ ಕೂಡಿಸುವ ಹುಣಸೆಬೀಜದಷ್ಟು ದೊಡ್ಡ ಯಂತ್ರ. ಮೆದುಳಿನಲ್ಲಿ ದಿನವಿಡೀ ಏಳುವ ಅಲೆಗಳನ್ನು ಅದು ಹಿಡಿದಿಟ್ಟುಕೊಂಡು, ಚನ್ನವೀರ ಮಲಗಿದ ಮೇಲೆ ಮನೆಯ ವೈಫೈ ಮೂಲಕ ಕಂಪನಿಯ ಭಂಡಾರಕ್ಕೆ ಕಳಿಸುತ್ತಿತ್ತು. ಏಳುವ ಮೊದಲು ಅಲ್ಲಿಂದ ಹಳೆಯ ದಿನಗಳನ್ನು ತಂದು ತಲೆಗೆ ವಾಪಸು ತುಂಬುತ್ತಿತ್ತು. ಒಂಬತ್ತು ವರ್ಷ ಪೂರ್ತಿ ಅಷ್ಟರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಎಲ್ಲದರದ್ದೂ ತೆಳುವಾದ ಸಾರ, ಜೊತೆಗೆ ಅವನು ಯಾವುದನ್ನು ಹೆಚ್ಚಾಗಿ ನೆನೆಯುತ್ತಾನೋ ಆ ದಿನಗಳು ಮಾತ್ರ ಇದ್ದದ್ದು ಇದ್ದಂತೆ. ನೆನೆದ ನೆನಪು ಮೊದಲಿನಂತೆಯೇ ಉಳಿಯುವುದಿಲ್ಲ, ಎಲ್ಲೋ ಒಂದಿಷ್ಟು ಬದಲಾಗುತ್ತದೆ. ಬದಲಾದಷ್ಟನ್ನು ಯಂತ್ರ ಹಳೆಯದರ ಮೇಲೆ ತಿದ್ದಿ ಬರೆಯುತ್ತಿತ್ತು. ಚನ್ನವೀರ ಶಾಲೆಗೆ ಮರಳದಿದ್ದರೂ ಸಂತೆಗೆ ಹೋಗುತ್ತಿದ್ದ, ಅಡುಗೆ ಮಾಡುತ್ತಿದ್ದ, ನಿನ್ನೆಯ ಜಗಳವನ್ನು ಇವತ್ತು ಮುಂದುವರಿಸುತ್ತಿದ್ದ.

ಪಾಳಿ ಮುಗಿಸಿ ಮನೆಗೆ ಬಂದು, ಊಟದ ಹೊತ್ತಿಗೆ ಅವನಿಗೆ ಸುದ್ದಿ ಹೇಳಿದಳು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

“ಇಷ್ಟು ವರ್ಷ ನಾ ಎಲ್ಲಿದ್ದೆ ಹಂಗಾರ?”

“ಹೊರದೇಶದಾಗ. ಥಂಡಿ ಊರಾಗ ಇಟ್ಟಿರ್ತಾರಂತ, ಯಂತ್ರ ಕಾಯಬಾರ್ದು ಅಂತ.”

“ಪಾಸ್‌ಪೋರ್ಟ್ ಇಲ್ದ ಇದ್ದ ಬಂದೆ ನೋಡು.” ಅವನು ನಕ್ಕ. ಇದು ನಗಬೇಕಾದ ಜಾಗ ಎಂದು ತಿಳಿದು ನೀಲಾಂಬಿಕಾ ಕೂಡ ನಕ್ಕಳು.

‘ಸರ್ವರ್ ಎಂದರೆ ಹೊಂದಿಕೆಯಾಗುವ ಯಾವ ಕಂಪ್ಯೂಟರಾದರೂ ನಡೆಯುತ್ತದೆ’ ಎಂದು ಕಂಪನಿ ಬರೆದಿತ್ತು. ಆ ‘ಹೊಂದಿಕೆ’ ಎಂಬ ಮಾತಿನೊಳಗೆ ಎಷ್ಟು ಸಂದುಗೊಂದಿಗಳಿವೆ ಎಂದು ತಿಳಿದದ್ದು ಕೊಪ್ಪೀಕರ ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ತನ್ವೀರ ಬೇಪಾರಿಯ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ. ತನ್ವೀರನಿಗೆ ಅವಳಷ್ಟೇ ವಯಸ್ಸು. ಅವನ ತಂಗಿಯ ಮಾವನಿಗೂ ಅನುಸ್ಮೃತಿ ಹಾಕಿತ್ತು. ಹೀಗಾಗಿ ಅವನಿಗೂ ಇದು ಬರೀ ವ್ಯಾಪಾರವಾಗಿರಲಿಲ್ಲ.

ಮೊದಲ ತಂಟೆ ಮೆಮೊರಿಯದು. ತನ್ನಲ್ಲಾದ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ ಬೇಕೆಂದು ಕಂಪನಿ ಹೇಳಿತ್ತು. ನೀಲಾಂಬಿಕಾ ಕೈಗೆತ್ತಿಕೊಂಡ ಮದರ್‌ಬೋರ್ಡನ್ನು ತನ್ವೀರ ಮೆಲ್ಲಗೆ ಇಸಿದುಕೊಂಡ.

“ಇದರಾಗ ಆ ಮೆಮೊರಿ ಕೂಡ್ತೇತ್ರಿ ಅಕ್ಕಾರ, ಖರೆ. ಆದ್ರ ತಿದ್ದಂಗಿಲ್ಲ. ಸಾದಾ ಮೆಮೊರಿಗತೆ ನಡಸ್ತೇತಿ. ಡಬ್ಬಿ ಮ್ಯಾಲ ಬರದಿರಂಗಿಲ್ಲ.”

“ತಿದ್ದದಿದ್ರ ಏನಾಗ್ತದ?”

“ಫೋಟೊ ಆಗಿದ್ರ ಒಂದು ಚುಕ್ಕಿ ಬಣ್ಣ ಬ್ಯಾರೆ ಆಗ್ತಿತ್ತು, ಯಾರ ನೋಡ್ತಾರ? ಇಲ್ಲಿ ಏನು ಬ್ಯಾರೆ ಆಗ್ತೇತೋ ನನಗರ ಹ್ಯಾಂಗ ಗೊತ್ತಾಗಬೇಕ್ರಿ?”

ಬೇರೆ ಬೋರ್ಡು ಸಿಕ್ಕಿತು, ಯಾರೋ ಬಳಸಿ ಬಿಟ್ಟದ್ದು. ಚನ್ನವೀರನ ಕಿವಿಯ ಯಂತ್ರದ ಜೊತೆ ಮಾತಾಡಲು ಅದಕ್ಕೊಂದು ಬೇರೆ ನೆಟ್‌ವರ್ಕ್ ಕಾರ್ಡು ಸಿಕ್ಕಿಸಬೇಕಿತ್ತು. ಸಿಕ್ಕಿಸಿದರೆ ಡಿಸ್ಕು ಜೋಡಿಸುವ ಎರಡು ಬಾಯಿಗಳು ಸತ್ತುಹೋಗುತ್ತಿದ್ದವು. ಎರಡಕ್ಕೂ ಹಾದಿ ಒಂದೇ ಇತ್ತಂತೆ. ಕಾರ್ಡನ್ನು ಇನ್ನೊಂದು ಸ್ಲಾಟಿಗೆ ಹಾಕಿದರು. ಪೆಟ್ಟಿಗೆಯ ಫ್ಯಾನು ಅದಕ್ಕೆ ತಾಗಿತು. ಪೆಟ್ಟಿಗೆ ಬದಲಿಸಿದರು. ಕರೆಂಟು ಹೋದಾಗ ಯುಪಿಎಸ್ಸು ಸರ್ವರಿಗೆ ಸುದ್ದಿ ಮುಟ್ಟಿಸಿ ಅದನ್ನು ತಣ್ಣಗೆ ಮಲಗಿಸಬೇಕು, ನಡುವೆ ಕೈಬಿಡಬಾರದು. ಅದೊಂದನ್ನು ಮಾತ್ರ ಅವಳು ಯಾರನ್ನೂ ಕೇಳದೆ ಆರಿಸಿದಳು.

ಈ ಕೆಲಸ ಅವಳಿಗೆ ಒಗ್ಗಿತು. ಪಾಳಿ ಮುಗಿಸಿ ನೇರವಾಗಿ ಅಂಗಡಿಗೆ ಬರುತ್ತಿದ್ದಳು. ಇದು ಅದಕ್ಕೆ ಕೂಡುತ್ತದೋ ಇಲ್ಲವೋ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಕೂಡುತ್ತದೆ ಅಂದರೆ ಮುಂದಿನದು, ಇಲ್ಲ ಅಂದರೆ ಬೇರೆಯದು. ಅದಕ್ಕಿಂತ ಹೆಚ್ಚಿನ ಏನನ್ನೂ ಅನುಭವಿಸಬೇಕಾಗಿರಲಿಲ್ಲ.

ಉಳಿದದ್ದು ಡಿಸ್ಕುಗಳು. ಪೇಟೆಯಲ್ಲಿ ಡಿಸ್ಕಿಗೆ ಬರಗಾಲ ಬಿದ್ದಿತ್ತು. ನೆನಪು ಇಳಿಸಿಕೊಳ್ಳುವ ಮನೆಗಳು ದೇಶದ ತುಂಬ ಇದ್ದವು. ಡಿಸ್ಕುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬರೆಯುವ ಸಾಲುಗಳು ಬೇರೆಬೇರೆ. ಇನ್ನೊಂದರಲ್ಲಿ ಹೆಚ್ಚು ಹಿಡಿಸಲೆಂದು ಸಾಲಿನ ಮೇಲೆ ಸಾಲು, ಮಾಡಿಗೆ ಹಂಚು ಹೊದಿಸಿದ ಹಾಗೆ. ಇಟ್ಟದ್ದನ್ನು ಇಟ್ಟಲ್ಲೇ ಬಿಟ್ಟರೆ ಅದು ಬಾಳಿಕೆ ಬರುತ್ತದೆ. ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ದಿನವೂ ತಿದ್ದಿ ಬರೆಯುವ ಕೆಲಸಕ್ಕೆ ಅದು ಸಲ್ಲದು.

“ಇವು ಹಂಚಿನ ನಮೂನಿ ಅಲ್ಲಲ್ಲ?” ಎಂದು ಅವಳು ಕೇಳಿದಳು.

“ಅಲ್ರಿ. ಕಂಪನಿಯವ್ರು ಒಪ್ಪಿದ್ದ ಮಾಡೆಲ್ ನಂಬರೇ ಐತಿ ನೋಡ್ರಿ.” ನಂಬರು ಅದೇ ಇತ್ತು. ನಾಲ್ಕು ಡಿಸ್ಕು ಹಾಕಿದರು. ನಾಲ್ಕರಲ್ಲಿ ಒಂದು ಸತ್ತರೂ ಉಳಿದ ಮೂರರಿಂದ ಅದನ್ನು ಮತ್ತೆ ಕಟ್ಟಿಕೊಳ್ಳಬಹುದಾದ ಜೋಡಣೆ. ಇನ್ನೊಂದು ಪೂರ್ತಿ ಪ್ರತಿ ಬೇರೆ ಕಡೆ ಇರಬೇಕೆಂದು ನೀಲಾಂಬಿಕಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದಕ್ಕೆ ಬೇಕಾದ ಡಿಸ್ಕುಗಳನ್ನೂ ಕೇಳಿಟ್ಟಳು. ಬಂದಾಗ ಕೊಡುತ್ತೇನೆ ಎಂದ ತನ್ವೀರ. ಅವು ಬರಲೇ ಇಲ್ಲ.

ಸರ್ವರನ್ನು ಮಗಳ ಕೋಣೆಯಲ್ಲಿಟ್ಟರು. ಮನೆಯಲ್ಲಿ ಬಿಸಿಲು ತಾಗದ ಕೋಣೆ ಅದೊಂದೇ. ಕೃತ್ತಿಕಾಳ ಮಂಚವನ್ನು ಗೋಡೆಗೆ ಸರಿಸುವಾಗ ನೀಲಾಂಬಿಕಾ ತನ್ನೊಳಗೆ ಏನಾದರೂ ಅಲುಗುತ್ತದೆಯೇ ಎಂದು ಕಾದಳು. ಮಂಚ ಭಾರವಿತ್ತು, ಅಷ್ಟೇ.

ಕೃತ್ತಿಕಾ ತೀರಿಕೊಂಡು ಐದು ವರ್ಷ ಆಗಿತ್ತು. ಡೆಂಗಿ ಜ್ವರ. ಅವಳಿಗಾಗ ಹತ್ತೊಂಬತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ಜ್ವರ ಇಳಿದು ಎಲ್ಲರೂ ಉಸಿರು ಬಿಟ್ಟಿದ್ದರು. ಆ ಸಂಜೆಯೇ ದೊಡ್ಡ ಗಾಳಿ ಎದ್ದು ಟವರುಗಳು ಬಿದ್ದವು. ಒಂದರ ಹಿಂದೊಂದು ಲೈನು ಕೂತು ಅರ್ಧ ಜಿಲ್ಲೆ ಕತ್ತಲಾಯಿತು. ನೀಲಾಂಬಿಕಾಳಿಗೆ ಕರೆ ಬಂತು. ನಿಯಂತ್ರಣ ಕೊಠಡಿಯಲ್ಲಿ ಆವತ್ತು ಅವಳಷ್ಟು ಅನುಭವ ಇದ್ದವರು ಇನ್ನೊಬ್ಬರಿರಲಿಲ್ಲ. ಮಗಳ ಹತ್ತಿರ ಚನ್ನವೀರನನ್ನು ಕೂಡಿಸಿ ಹೋದಳು. ಲೈನುಗಳನ್ನೆಲ್ಲ ಮೇಲೆಬ್ಬಿಸಿ ಬೆಳಕು ಹರಿದ ಮೇಲೆ ಮರಳಿದಾಗ ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಒಳಗೆ ರಕ್ತ ಸೋರಿತ್ತು ಎಂದರು ಡಾಕ್ಟರು.

ಕೊನೆಯ ಹೊತ್ತಿನಲ್ಲಿ ಇದ್ದವನು ಚನ್ನವೀರ ಒಬ್ಬನೇ. ಏನಾಯಿತು, ಮಗಳು ಏನೆಂದಳು ಎಂದು ನೀಲಾಂಬಿಕಾ ಕೇಳಲಿಲ್ಲ. ತನ್ನನ್ನು ಕೇಳಿದಳೇ ಎಂಬುದಕ್ಕೆ ಉತ್ತರ ಹೌದೆಂದರೂ ಇಲ್ಲವೆಂದರೂ ಅದರ ಜೊತೆ ಬದುಕಬೇಕಾಗಿತ್ತು. ಅವನೂ ತಾನಾಗಿ ಹೇಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವಳು ಪಾಳಿಗೆ ಹೋದಳು. ಆಮೇಲೆ ಹೋಗುತ್ತಲೇ ಇದ್ದಳು. ಸಾರಿನಲ್ಲಿ ಉಪ್ಪಿಲ್ಲ ಎಂದು ಅವನು ಹೇಳಿದರೆ ತಿಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ನೆನಪುಗಳೆಲ್ಲ ಸರ್ವರಿಗೆ ಇಳಿದವು. ದೀಪಾವಳಿ ಕಳೆಯಿತು, ಕಂಪನಿ ಮುಚ್ಚಿತು. ಮಗಳ ಕೋಣೆಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರತೊಡಗಿತು. ಬೆಳಿಗ್ಗೆ ಎದ್ದ ಚನ್ನವೀರ “ಮೊದಲಿಗಿಂತ ಲಗೂ ನೆನಪಾಗ್ತಾವ, ಮನ್ಯಾಗ ಇದ್ದದ್ದಕ್ಕೋ ಏನೋ” ಎಂದ.

ಯುಗಾದಿಯ ಮುಂದಿನ ವಾರ ಒಂದು ಡಿಸ್ಕು ಸತ್ತಿತು. ಗಾಬರಿಯ ಮಾತಿರಲಿಲ್ಲ, ಅದಕ್ಕೆಂದೇ ಜೋಡಣೆ ಮಾಡಿದ್ದು. ಬೆಳಿಗ್ಗೆ ಚನ್ನವೀರ ಎಂದಿನಂತೆ ಎಲ್ಲ ನೆನಪಿನೊಂದಿಗೆ ಎದ್ದ ಮೇಲೆ ತನ್ವೀರ ಬಂದು ಹೊಸ ಡಿಸ್ಕು ಹಾಕಿ, ಮರುಕಟ್ಟುವ ಕೆಲಸಕ್ಕೆ ಹಚ್ಚಿದ. ನೀಲಾಂಬಿಕಾ ಪಾಳಿಗೆ ಹೋದಳು.

ಮಧ್ಯಾಹ್ನದ ಊಟಕ್ಕೆ ಮೊದಲು ತನ್ವೀರನ ಫೋನು ಬಂತು.

“ಅಕ್ಕಾರ, ಎರಡನೇದೊಂದು ಡಿಸ್ಕ್ ನಡುವ ನಿಂತಬಿಡ್ತು. ಅದನ್ನ ಹೊಳ್ಳಿ ಎಬ್ಬಿಸೇನ್ರಿ. ಬಹಳಷ್ಟು ಬಂದೇತಿ.”

“ಬಹಳಷ್ಟು ಅಂದ್ರ?”

“ಇವು ಹಂಚಿನ ಡಿಸ್ಕೇ ಅದಾವ್ರಿ. ನಂಬರ್ ಅದೇ ಇಟ್ಟು ಒಳಗ ಜಾತಿ ಬದಲಿಸ್ಯಾರ. ಸತ್ತ ಡಿಸ್ಕ್ ಪರೀಕ್ಷಾ ಮಾಡಿದ ಮ್ಯಾಲ ಗೊತ್ತಾತು. ರಾತ್ರಿ ತಿದ್ದಿದ್ದನ್ನ ಇನ್ನೂ ಒಳಗ ಹೊಳ್ಳಿ ಹೊದಸಾಕತ್ತಿತ್ತು, ನಿಂತಾಗ ಆ ಜಾಗ ಅಷ್ಟೂ ಹೋಗೇತಿ.”

“ಯಾವ ದಿನಾ?”

“ನಾಕೈದು ದಿನದ್ದು. ಐದು ವರ್ಷದ ಹಿಂದಿನವು. ದಿನಾ ಅವನ್ನ ತಿದ್ದಿ ಬರೀತಿತ್ರಿ ಯಂತ್ರ. ಅಣ್ಣಾರು ಆ ದಿನ ನೆನಸದ ಒಂದು ದಿನಾನೂ ಬಿಟ್ಟಿಲ್ಲ ಅಕ್ಕಾರ.”

ಪರದೆಯ ಮೇಲೆ ಎಲ್ಲ ಲೈನುಗಳೂ ಹಸಿರಿದ್ದವು. ನೀಲಾಂಬಿಕಾ ಅವುಗಳನ್ನು ನೋಡುತ್ತ ಕೂತಳು. ಕೃತ್ತಿಕಾ ತೀರಿಕೊಂಡಳು ಎಂಬ ಸಂಗತಿ ಸಾರದಲ್ಲಿರುತ್ತದೆ, ಅದು ಹೋಗುವುದಿಲ್ಲ. ಹೋಗುವುದು ಆ ದಿನ. ಮುಖ, ದನಿ, ಕೈ ಹಿಡಿದದ್ದು, ಆಡಿದ ಮಾತು. ಅದು ಈಗ ಅವನ ತಲೆಯಲ್ಲಿ ಮಾತ್ರ ಇದೆ, ಬೆಳಿಗ್ಗೆ ತುಂಬಿದ್ದು. ನಿದ್ದೆ ಹತ್ತುವ ತನಕ.

“ಅವರು ಇವತ್ತ ನೆನಸಿದ್ರ ಯಂತ್ರ ಮತ್ತ ಬರ್ಕೊಳ್ಳಂಗಿಲ್ಲೇನು?”

“ಅದು ಬದಲಾದಷ್ಟನ್ನ ಅಷ್ಟ ಬರೀತೇತ್ರಿ. ಮೂಲಾನೇ ಇಲ್ಲ ಅಂದ್ರ ಎದರ ಮ್ಯಾಲ ಬರೀಬೇಕು? ಹೊಸದಾಗಿ ನಡದದ್ದು ಹೊಸ ನೆನಪಂತ ಉಳೀತೇತಿ, ಅಷ್ಟ. ನನ್ನ ಕೈಲೇ ಆತಲ್ರಿ ಅಕ್ಕಾರ.”

“ನಿನ್ನ ಕೈಲೆ ಏನೂ ಆಗಿಲ್ಲ. ಡಿಸ್ಕ್ ಇಡು, ಮುಟ್ಟಬ್ಯಾಡ. ನಾ ಬರ್ತೇನಿ.”

ಅವಳು ಎದ್ದು ಪದ್ಮರಾಜನಿಗೆ ಪಾಳಿ ಒಪ್ಪಿಸಿದಳು. ನಡುಪಾಳಿಯಲ್ಲಿ ಅವಳು ಎದ್ದುಹೋದದ್ದನ್ನು ಅಲ್ಲಿಯವರೆಗೆ ಆ ಕೊಠಡಿಯಲ್ಲಿ ಯಾರೂ ಕಂಡಿರಲಿಲ್ಲ.

“ಮೇಡಂ, ಸಂಜಿಕೆ ಗಾಳಿ ಐತಿ ಅಂತ ಹವಾಮಾನದವ್ರು—”

“ನಿನಗ ಬರ್ತದ. ಮಾಡು.”

ಚನ್ನವೀರ ಹಿತ್ತಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದ. ಈಚಿನ ಒಂದೆರಡು ವರ್ಷಗಳಿಂದ ಅವನು ಹೊತ್ತು ಮುಳುಗುವ ಮೊದಲೇ ತೂಕಡಿಸುತ್ತಿದ್ದ. ದಿನವೂ ನುಂಗುವ ಗುಳಿಗೆ ತಡೆದರೂ, ಚಹಾ ಕೊಟ್ಟರೂ ಅದು ನಿಲ್ಲುತ್ತಿರಲಿಲ್ಲ. ಎಬ್ಬಿಸಿ ಕೂಡಿಸಿದರೆ ಒಂದು ತಾಸು ಹೆಚ್ಚು ಸಿಕ್ಕೀತು, ಅಷ್ಟೇ.

ನೀಲಾಂಬಿಕಾ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಳು. ಡಿಸ್ಕಿನ ಸಂಗತಿಯನ್ನು ಮುಚ್ಚಿಡದೆ ಹೇಳಿದಳು. ಅವನು ಕೇಳಿಸಿಕೊಂಡ. ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತ ಕೂತ.

“ನಾಳೆ ನನಗ ಗೊತ್ತಾಗಂಗಿಲ್ಲ ಹಂಗಾರ. ಏನು ಹೋತು ಅನ್ನೋದೂ ಗೊತ್ತಾಗಂಗಿಲ್ಲ.”

“ಇಲ್ಲ.” ಅವಳು ಮೊರದಿಂದ ಒಂದು ಕಾಯಿ ತೆಗೆದುಕೊಂಡಳು, ಸುಲಿಯಲಿಲ್ಲ. “ಏನಾತು ಆವತ್ತ, ಹೇಳ್ರಿ.”

“ಐದು ವರ್ಷ ಆತು. ನೀ ಕೇಳ್ಲಿಲ್ಲ.”

“ಈಗ ಕೇಳಾಕತ್ತೇನಿ.”

ಚನ್ನವೀರ ಮೊರವನ್ನು ಪಕ್ಕಕ್ಕೆ ಸರಿಸಿದ.

“ನೀ ಹೋದ ಮ್ಯಾಲ ಆಕಿ ಚುರಮರಿ ಗಿರಮಿಟ್ ತಿನ್ನಬೇಕಂದ್ಲು. ಕೊಡಬಾರ್ದು ಅಂದ್ರು ನರ್ಸಬಾಯಿ. ‘ಈ ನರ್ಸಗ ನನ್ನ ಹೆಸರ ಅನ್ನಾಕ ಬರಂಗಿಲ್ಲ, ನನ್ನ ಹೊಟ್ಟಿ ಬಗ್ಗೆ ಏನ ಗೊತ್ತು’ ಅಂತ ಸಿಟ್ಟು ಮಾಡಿದ್ಲು. ಆಮ್ಯಾಲ ಉಗುರು ಕತ್ತರಿಸು ಅಂದ್ಲು. ಕತ್ತರಿಸಿದೆ. ಬಲಗೈದು ಅಷ್ಟ ಆತು. ಎಡಗೈಗೆ ಸಲೈನ್ ಇತ್ತು, ಬ್ಯಾಡ ಅಂದ್ಲು. ಕಾಲೇಜಿನ ಹುಡುಗನ ಸುದ್ದಿ ಏನೋ ಹೇಳಿದ್ಲು.”

“ಯಾವ ಹುಡುಗ?”

“ಅವ್ವಗ ಹೇಳಬ್ಯಾಡ ಅಂದಾಳ.” ಅವನು ಅವಳತ್ತ ನೋಡಿದ. “ಅದನ್ನ ಹೇಳಂಗಿಲ್ಲ.”

ನೀಲಾಂಬಿಕಾ ತಲೆಯಾಡಿಸಿದಳು.

“ಆಮ್ಯಾಲ ಹೊಟ್ಟಿ ನೋವು ಅಂದ್ಲು. ಡಾಕ್ಟರ್ ಬಂದ್ರು, ಸೂಜಿ ಹಾಕಿದ್ರು, ಹೊರಗ ಓಡ್ಯಾಡಾಕತ್ರು. ಆಕಿ ಮಾರಿ ಬೆಳ್ಳಗಾಗಿತ್ತು. ಕೈ ಥಣ್ಣಗ. ನಾ ತಿಕ್ಕತಿದ್ದೆ.”

“ನನ್ನ ಕೇಳಿದ್ಲೇನು?”

“ಕೇಳಿದ್ಲು.”

ಅವಳ ಕೈಯಲ್ಲಿದ್ದ ಶೇಂಗಾಕಾಯಿ ಒಡೆಯಿತು.

“ನಾಕು ಸಲ ಕೇಳಿದ್ಲು. ಅವ್ವ ಎಲ್ಲಿ ಅಂತ. ಬರ್ತಾಳ ಅಂದೆ. ಹೊಂಟಾಳ ಅಂದೆ. ದಾರಿ ಮ್ಯಾಲ ಗಿಡ ಬಿದ್ದಾವ, ಸುತ್ತಹಾಕಿ ಬರಾಕತ್ತಾಳ ಅಂದೆ. ನಾಕನೇ ಸಲ ಕೇಳಿದಾಗ ನನ್ನ ಕಡೆ ನೋಡಿದ್ಲು. ಹ್ಯಾಂಗ ನೋಡಿದ್ಲಂದ್ರ, ಇನ್ನೊಮ್ಮೆ ಕೇಳಾಕ ಆಕಿಗೆ ಆಗಂಗಿಲ್ಲ ಅಂತ ನನಗ ತಿಳೀತು. ‘ಬಂದಾಳಲ್ಲ, ಬಾಗಲ ಹೊರಗ ಡಾಕ್ಟರ್ ಜೋಡಿ ಮಾತಾಡಾಕತ್ತಾಳ. ಕೇಳಿಸವಲ್ದ?’ ಅಂದೆ.”

ನೀಲಾಂಬಿಕಾ ನೀರು ತಂದು ಕೊಟ್ಟಳು.

“ಕೇಳಿಸ್ತಂತ?”

“‘ಹೂಂ’ ಅಂದ್ಲು. ‘ಬೈಯಾಕತ್ತಾಳ ಅವರಿಗೆ’ ಅಂದ್ಲು. ಅಂದು ಕಣ್ಣ ಮುಚ್ಚಿದ್ಲು. ಮತ್ತ ತೆರೀಲಿಲ್ಲ.”

ಹಿತ್ತಲಿನ ಗೋಡೆಯಾಚೆ ಯಾರೋ ಪಾತ್ರೆ ತಿಕ್ಕುತ್ತಿದ್ದರು. ಚನ್ನವೀರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

“ಸಾಯೋ ಕೂಸಿಗೆ ಸುಳ್ಳು ಹೇಳೇನಿ, ನೀಲಾ. ದಿನಾ ಮುಂಜಾನೆ ಎದ್ದ ಕೂಡ್ಲೆ ಅದೇ ನೆನಪಾಗ್ತೇತಿ. ಹೇಳಬಾರ್ದಿತ್ತು ಅನ್ನಸ್ತೇತಿ. ಹೇಳದಿದ್ರ ಏನ ಹೇಳ್ತಿದ್ದೆ ಅಂತ ನೋಡಿದ್ರ ಏನೂ ಹೊಳ್ಯಂಗಿಲ್ಲ.”

“ಮತ್ತ ಹೇಳ್ರಿ. ಮೊದಲಿಂದ.”

ಅವನು ಮೊದಲಿನಿಂದ ಹೇಳಿದ. ಅವಳು ಸಣ್ಣಸಣ್ಣದನ್ನು ಕೇಳಿದಳು: ಯಾವ ಬಟ್ಟೆ ಉಟ್ಟಿದ್ದಳು, ತಲೆ ಬಾಚಿತ್ತೇ, ಬೈಯುತ್ತಾಳೆ ಎಂದಾಗ ನಕ್ಕಳೇ. ನಕ್ಕ ಹಾಗೆ ತುಟಿ ಹೀಗಾಯಿತು ಎಂದು ಅವನು ತನ್ನ ತುಟಿಯ ಒಂದು ಬದಿಯನ್ನು ಎತ್ತಿ ತೋರಿಸಿದ. ಅದು ಕೃತ್ತಿಕಾಳದೇ ನಗೆ. ನೀಲಾಂಬಿಕಾ ಅದನ್ನು ಇನ್ನೊಮ್ಮೆ ಮಾಡಿಸಿ ನೋಡಿದಳು. ಬಿಸಿಲು ಗೋಡೆ ಹತ್ತಿ ಹೋಯಿತು. ಮೂರನೆಯ ಸಲ ಹೇಳುವಾಗ ಅವನ ಮಾತು ತೊದಲತೊಡಗಿತು, ಕಣ್ಣು ಜಗ್ಗಿದವು. ಅವಳು ಅವನ ಭುಜ ಹಿಡಿದು ಅಲ್ಲಾಡಿಸಿದಳು.

“ಇನ್ನೊಂದಿಷ್ಟು ಎಚ್ಚರ ಇರ್ರಿ. ಇನ್ನೊಂದಿಷ್ಟು.”

“ಎಲ್ಲಾ ಹೇಳೇನಿ,” ಎಂದ ಅವನು. “ಇನ್ನ ಏನೂ ಉಳಿದಿಲ್ಲ.” ಅವನ ತಲೆ ಅವಳ ಹೆಗಲಿಗೆ ವಾಲಿತು. ತನ್ವೀರ ಒಳಗಿನಿಂದ ಬಂದು, ಇಬ್ಬರೂ ಸೇರಿ ಅವನನ್ನು ಹಾಸಿಗೆಗೆ ಸೇರಿಸಿದರು. ಕಿವಿಯ ಹಿಂದೆ ಸಣ್ಣ ಬೆಳಕು ಮಿನುಗಿತು. ಯಂತ್ರ ಆ ದಿನವನ್ನು ಕಳಿಸುವ ಕೆಲಸಕ್ಕೆ ತೊಡಗಿತ್ತು.

ಮರುದಿನ ಚನ್ನವೀರ ಎಂದಿನ ಹೊತ್ತಿಗೇ ಎದ್ದ. ಮುಖ ತೊಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಲೆಯ ಮೇಲೆ ಹಾಲು ಇತ್ತು.

“ನಿನ್ನೆ ನಿನಗ ಆಸ್ಪತ್ರಿ ಸುದ್ದಿ ಹೇಳಿದೆ ಅಲ್ಲ?” ಎಂದ. “ಹಿತ್ತಲದಾಗ ಕೂತು ಹೇಳಿದ್ದು ನೆನಪೈತಿ. ಏನು ಹೇಳಿದೆ ಅನ್ನೋದೂ ನೆನಪೈತಿ. ಆದ್ರ ಆಕಿ ಮಾರಿ ಬರವಲ್ದು. ಯಾವ್ದೋ ಪಾಠ ಓದಿ ಒಪ್ಪಿಸಿದಂಗ ಆಗೇತಿ.” ಅವನು ತನ್ನ ಎದೆಯನ್ನು ಒತ್ತಿ ನೋಡಿಕೊಂಡ. “ಇಲ್ಲಿ ಏನೂ ಆಗವಲ್ದು ನೋಡು. ದಿನಾ ಎದ್ದ ಕೂಡ್ಲೆ ಏನೋ ಆಗ್ತಿತ್ತು.”

ಅವನು ಹತ್ತಿರ ಬಂದಾಗ ನೀಲಾಂಬಿಕಾ ಒಲೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಆಮೇಲೆ ಬಂತು. ಅವಳೇ ಎಂದೂ ಕೇಳಿರದ ದನಿ. ಪಕ್ಕದ ಮನೆಯವರು ಕಿಟಕಿ ತೆರೆದರು. ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು.

ಚನ್ನವೀರ ಉಕ್ಕುತ್ತಿದ್ದ ಹಾಲಿನ ಒಲೆ ಆರಿಸಿದ. ಅವಳ ಪಕ್ಕದಲ್ಲಿ ಕೂತು, ಏನಾಯಿತೆಂದು ಪೂರ್ತಿ ತಿಳಿಯದವನ ಹಾಗೆ ಬೆನ್ನು ಸವರತೊಡಗಿದ.

“ಅಳು,” ಎಂದ. “ನಾ ಇದ್ದೇನಿ, ಅಳು.”